ನೀರಿಗೆ ಹೆದರಿದ ಸ್ವಾಮಿ

ನಮ್ಮ ದಿನೇಶ ಉಳಿದದ್ದು ಅಯ್ಯಪ್ಪನ ದಯೆಯಿಂದ ಎಂದು ನಮ್ಮ ಕಡೆಯವರು ಈಗಲೂ ಹೇಳುತ್ತಾರೆ. ಸುಳ್ಳು. ಅಯ್ಯಪ್ಪ ಅದರಲ್ಲಿ ಕೈ ಹಾಕಲಿಲ್ಲ. ಹುಡುಗ ಗರ್ದ್ ಎಂಬ ಅಮಲಿನ ಪುಡಿ ಸೇದುತ್ತಿದ್ದ. ನಾವು ಅವನಿಗೆ ಮಾಲೆ ಹಾಕಿಸಿ ಕಾಲಿಗೆ ಬಿದ್ದೆವು. ಅವನು ಇನ್ನಷ್ಟು ಸೇದಿದ. ಕೊನೆಗೆ ಥಾಣೆಯ ಆಸ್ಪತ್ರೆಯ ಡಾಕ್ಟರಮ್ಮ ಒಬ್ಬಳು ಅವನನ್ನು ದಾರಿಗೆ ತಂದಳು. ನಡುವೆ ನಾನು ನನ್ನ ಗಂಡನನ್ನು ಸಾಯಿಸಬೇಕಾಯಿತು. ಆದದ್ದು ಇಷ್ಟೇ.

ಮೊನ್ನೆ ಸೀವುಡ್ಸಿನಲ್ಲಿ ದಿನೇಶನ ಮನೆಯಲ್ಲಿ ಕೂತಿದ್ದೆ. ಕೆಳಗಿನ ಮನೆಯವರು ಮಾಲೆಯ ಪೂಜೆ ಇಟ್ಟುಕೊಂಡಿದ್ದರು. ಕರ್ಪೂರದ ವಾಸನೆ ಮೆಟ್ಟಿಲು ಹತ್ತಿ ಬಂತು. ದಿನೇಶ ಎದ್ದುಹೋಗಿ ಬಾಗಿಲು ಹಾಕಿದ. ಹೊಟ್ಟೆ ಬಂದಿದೆ, ತಲೆ ಬೋಳಾಗುತ್ತಿದೆ, ಎರಡು ಮಕ್ಕಳ ತಂದೆ. ಆ ವಾಸನೆ ಅವನಿಗೆ ಈಗಲೂ ಆಗುವುದಿಲ್ಲ. "ಬರೆದುಬಿಡಿ ಅಜ್ಜಿ," ಎಂದ. "ಬೇರೆ ಯಾರ ಮನೆಯಲ್ಲಾದ್ರೂ ನನ್ನ ಹಾಗೆ ಒಬ್ಬ ಸ್ವಾಮಿ ಇರಬಹುದು." ನಾನು ಓದಿದ್ದು ನಾಲ್ಕನೇ ಕ್ಲಾಸಿನ ತನಕ. ಬರುವಷ್ಟು ಬರೆಯುತ್ತೇನೆ.

ಎಂಬತ್ತರ ದಶಕದ ನಡುವಿನ ಒಂದು ಚಳಿಗಾಲ ಅದು. ಡೊಂಬಿವಲಿ ಪೂರ್ವದಲ್ಲಿ ಚಾಳಿನ ಎರಡು ಕೋಣೆಯಲ್ಲಿ ನಾವು ನಾಲ್ಕು ಜನ. ನಾನು, ಮಗ ಸದಾನಂದ, ಸೊಸೆ ಜಲಜ, ಅವರ ಒಬ್ಬನೇ ಮಗ ದಿನೇಶ. ಸದಾನಂದ ಕಲ್ಯಾಣ ಸ್ಟೇಷನ್ನಿನ ಎದುರು ಒಂದು ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಿದ್ದ. ಬೆಳಿಗ್ಗೆ ಕತ್ತಲೆಗೆ ಹೊರಟರೆ ರಾತ್ರಿಯ ಊಟಕ್ಕೆ ಬರುವವ. ದಿನೇಶ ಉಲ್ಹಾಸನಗರದ ಕಾಲೇಜಿನಲ್ಲಿ ಹನ್ನೆರಡನೆಯ ತರಗತಿ. ನನ್ನ ಗಂಡ ನಮ್ಮ ಜೊತೆ ಇರಲಿಲ್ಲ. ಸದಾನಂದ ಸಣ್ಣವನಿದ್ದಾಗ ಹಡಗಿನ ಕೆಲಸಕ್ಕೆ ಎಂದು ಉಡುಪಿಯಿಂದ ಹೊರಟವ, ಆಮೇಲೆ ಸುದ್ದಿಯೇ ಇಲ್ಲ. ಬದುಕಿದ್ದಾನೋ ಸತ್ತನೋ ಯಾರಿಗೂ ಗೊತ್ತಿಲ್ಲದ ಕಾರಣ ನಾನು ಕರಿಮಣಿ ಕಟ್ಟಿಕೊಂಡು, ಕುಂಕುಮ ಇಟ್ಟುಕೊಂಡೇ ಇದ್ದೆ. ಪ್ರೀತಿಗಲ್ಲ. ಗಂಡನಿಲ್ಲದವಳು ಎಂದು ಗೊತ್ತಾದರೆ ಬಾಗಿಲು ತಟ್ಟುವವರು ಬಹಳ.

ಆ ವರ್ಷ ದಿನೇಶ ಕೆಡತೊಡಗಿದ್ದ. ಊಟ ಬೇಡ. ಕಾಲೇಜಿಗೆ ಹೋಗುತ್ತೇನೆಂದು ಹೋಗುವುದು, ಹೋಗದೇ ಇರುವುದು. ಮಾತಾಡಿಸಿದರೆ ಹಿಂದಿಯಲ್ಲಿ ಒಂದು ಉತ್ತರ, ಅದೂ ಗೋಡೆ ನೋಡಿಕೊಂಡು. ಸದಾನಂದ ಅವನ ಚೀಲದಲ್ಲಿ ಸಿಗರೇಟು ನೋಡಿದ. ಸಿಗರೇಟು, ಹೆಚ್ಚೆಂದರೆ ಗಾಂಜಾ ಎಂದು ಅವನ ಲೆಕ್ಕ. ಪರಿಹಾರವೂ ಅವನಲ್ಲಿ ತಯಾರಿತ್ತು.

"ಮಾಲೆ ಹಾಕಿಸುವ, ಅಮ್ಮ. ಭಾಸ್ಕರ ಗುರುಸ್ವಾಮಿಯನ್ನು ನೋಡಿ. ಎಂಥಾ ಕುಡುಕ ಇದ್ದ! ಒಂದು ಮಾಲೆಯಲ್ಲಿ ಬಿಟ್ಟ."

ಅದು ನಿಜವೇ. ಭಾಸ್ಕರ ನಮ್ಮ ಚಾಳಿನ ಹಿಂದೆ ಸೋಡಾ ಅಂಗಡಿ ಇಟ್ಟಿದ್ದವ. ಒಂದು ಕಾಲದಲ್ಲಿ ಕುಡಿದು ಬಿದ್ದು ಗಟಾರದಿಂದ ಎತ್ತಿ ತರಬೇಕಾಗಿದ್ದ ಮನುಷ್ಯ. ಈಗ ಡೊಂಬಿವಲಿಯ ನಮ್ಮವರಿಗೆಲ್ಲ ಅವನೇ ಮಾಲೆ ಹಾಕುವ ಗುರು. ಕುಡುಕರನ್ನು, ಇಸ್ಪೀಟಿನವರನ್ನು ಹೆಂಡಂದಿರು ಅವನ ಹತ್ತಿರ ಎಳೆದು ತರುತ್ತಿದ್ದರು. ವ್ರತ ಮುಗಿಯುವ ತನಕವಾದರೂ ಗಂಡಸರು ನೆಟ್ಟಗಿರುತ್ತಿದ್ದರು. ದಿನೇಶನೂ ಆಗಲಿ ಎಂದ. ಅವನು ಅಷ್ಟು ಬೇಗ ಒಪ್ಪಿದ್ದು ನನಗೆ ಆಶ್ಚರ್ಯ.

ಮಾಲೆ ಬಿದ್ದ ದಿನದಿಂದ ಅವನು ದಿನೇಶನಲ್ಲ, ಸ್ವಾಮಿ. ತಂದೆಯೂ ಸ್ವಾಮಿ ಎನ್ನಬೇಕು. ಬೈಯುವ ಹಾಗಿಲ್ಲ, ಎಲ್ಲಿಗೆ ಹೋಗಿದ್ದೆ ಎಂದು ಕೇಳುವ ಹಾಗಿಲ್ಲ. ಕರಿ ಬಟ್ಟೆ, ಬರಿಗಾಲು, ಬೆಳೆದ ಗಡ್ಡ, ನೆಲದಲ್ಲಿ ಚಾಪೆ, ಎರಡು ಹೊತ್ತು ತಣ್ಣೀರು ಸ್ನಾನ. ಮುಟ್ಟಾಗುವ ಹೆಂಗಸು ಮನೆಯಲ್ಲಿದ್ದರೆ ಆ ದಿನಗಳಲ್ಲಿ ಸ್ವಾಮಿಯ ಕಣ್ಣಿಗೆ ಬೀಳಬಾರದು. ಎರಡು ಕೋಣೆಯಲ್ಲಿ ಅದೆಲ್ಲ ಎಲ್ಲಿಂದ? ಜಲಜ ವ್ರತ ಮುಗಿಯುವ ತನಕ ವಾಶಿಯ ಅಣ್ಣನ ಮನೆಗೆ ಹೋದಳು. ಹೋಗುವಾಗ ಮಗನ ತಲೆ ಮುಟ್ಟಲೂ ಇಲ್ಲ, ಎರಡು ಕೈ ಜೋಡಿಸಿದಳು. ಅಡುಗೆಗೆ ಉಳಿದವಳು ನಾನು ಮುದುಕಿ.

ಹೀಗೆ ಹೆತ್ತವಳನ್ನು ಹೊರಗೆ ಕಳಿಸಿ, ಹೆತ್ತವನ ಬಾಯಿ ಕಟ್ಟಿ, ನಾವು ಅವನಿಗೆ ಬೇಕಾದ ಎಲ್ಲ ಅನುಕೂಲ ಮಾಡಿಕೊಟ್ಟೆವು. ತೆಳ್ಳಗಾದ, ವ್ರತದ ಉಪವಾಸ ಎಂದರು. ಕಣ್ಣು ಕೆಂಪು, ಭಜನೆಗೆ ನಿದ್ದೆಗೆಟ್ಟಿದ್ದು ಎಂದರು. ಲೋಕಲ್ ರೈಲಿನಲ್ಲಿ ಕೂತಲ್ಲೇ ತಲೆ ಜೋತುಬಿಟ್ಟರೆ ಮರಾಠಿ ಹೆಂಗಸರು "ಧ್ಯಾನ, ಧ್ಯಾನ" ಎಂದು ಪಿಸುಗುಟ್ಟಿ ಜಾಗ ಬಿಟ್ಟರು. ಸದಾನಂದ ದಿನಾ ಕೆಲಸಕ್ಕೆ ಹೊರಡುವ ಮೊದಲು ಬಗ್ಗಿ ಆ ಹುಡುಗನ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ಆಗ ದಿನೇಶನ ಮುಖ ನೋಡುವ ಹಾಗಿರಲಿಲ್ಲ.

ಮೊದಲ ವಾರದಲ್ಲೇ ಇನ್ನೊಂದು ನಡೆಯಿತು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಭಾಸ್ಕರನ ಗುಂಪಿನ ಒಬ್ಬ ಸ್ವಾಮಿಯ ತಾಯಿ ಊರಿನಲ್ಲಿ ತೀರಿಕೊಂಡಳು. ಸೂತಕ ಬಂದರೆ ಮಾಲೆ ಇಳಿಸಲೇಬೇಕು. ಭಾಸ್ಕರ ಒಂದು ಕಾಯಿ ಒಡೆದು, ಶರಣು ಹೇಳಿ, ಅವನ ಕೊರಳಿಂದ ಮಾಲೆ ತೆಗೆದ. ವ್ರತ ಮುರಿದ ದೋಷ ಇಲ್ಲ, ಯಾರೂ ಒಂದು ಮಾತು ಕೇಳಲಿಲ್ಲ. ನಾನು ಅದನ್ನು ನೋಡಿ ಸುಮ್ಮನೆ ಮನೆಗೆ ಬಂದಿದ್ದೆ.

ನನಗೆ ಅನುಮಾನ ಹತ್ತಿದ್ದು ಗಂಧದಿಂದ. ಆ ವರ್ಷ ಚಳಿ ಜೋರು. ನಲ್ಲಿಯಲ್ಲಿ ನೀರು ಬರುವುದು ಬೆಳಿಗ್ಗೆ ಐದಕ್ಕೆ. ನಾನು ಎದ್ದು ಡ್ರಮ್ಮು ತುಂಬಿಸಿದ ಮೇಲೆ ಸ್ವಾಮಿ ಮೋರಿಗೆ ಹೋಗುತ್ತಿದ್ದ. ಮೋರಿ ಎಂದರೆ ಅಡುಗೆ ಕೋಣೆಯ ಮೂಲೆಯಲ್ಲಿ ಸ್ನಾನಕ್ಕೆ, ಪಾತ್ರೆಗೆ ಮಾಡಿದ ಜಾಗ. ಪರದೆ ಎಳೆದುಕೊಳ್ಳುವುದು, ಚೊಂಬು ಚೊಂಬು ನೀರು ಸುರಿಯುವ ಸದ್ದು, "ಸ್ವಾಮಿಯೇ ಶರಣಂ" ಎಂದು ಕೂಗುವುದು, ತಲೆ ಒದ್ದೆ ಮಾಡಿಕೊಂಡು ಹೊರಗೆ ಬರುವುದು. ಒಂದು ದಿನ ಹಾಗೆ ಬಂದವ ಬಗ್ಗಿ ಬಟ್ಟೆ ತೆಗೆದುಕೊಂಡ. ಬೆನ್ನ ಮೇಲೆ ನಿನ್ನೆಯ ಗಂಧ. ಹಿಂದಿನ ಸಂಜೆ ಪೂಜೆಯಲ್ಲಿ ಭಾಸ್ಕರ ಬಳಿದದ್ದು, ಬೆರಳಿನ ಗೆರೆ ಸಮೇತ ಒಣಗಿ ಬಿರುಕು ಬಿಟ್ಟಿತ್ತು. ಪರದೆಯೊಳಗೆ ಕೈ ಹಾಕಿದೆ. ಸಾಬೂನು ಒಣಕಲು, ಕಲ್ಲಿನ ಹಾಗೆ. ನೀರೆಲ್ಲ ಮೋರಿಯ ತೂತಿಗೆ ಸುರಿದಿದ್ದ.

ಚಳಿಗೆ ಹೆದರಿ ಸ್ನಾನ ತಪ್ಪಿಸುವ ಹುಡುಗರು ಇರುತ್ತಾರೆ. ಆದರೆ ಕೆಳಗಿನ ಮನೆಯ ಕಮಲತಾಯಿ ತನ್ನ ಮಗ ಸ್ನಾನವೆಂದರೆ ಓಡುತ್ತಿದ್ದ ಎಂದು ಒಮ್ಮೆ ಹೇಳಿದ್ದು ನೆನಪಾಯಿತು. ಅವಳ ಮಗ ಹಿಂದಿನ ಮಳೆಗಾಲದಲ್ಲಿ ಕಲ್ಯಾಣದ ಹಳಿಯ ಪಕ್ಕ ಸತ್ತು ಬಿದ್ದಿದ್ದ. ಗರ್ದಿನವ. ಪೇಪರಿನವರು ಬ್ರೌನ್ ಶುಗರ್ ಎನ್ನುತ್ತಾರಲ್ಲ, ಆ ಕಂದು ಪುಡಿಗೆ ನಮ್ಮ ಕಡೆ ಹೆಸರು ಗರ್ದ್. ನಾನು ಪಾತ್ರೆ ತೊಳೆಯುವ ನೆಪದಲ್ಲಿ ಅವಳ ಹತ್ತಿರ ಹೋದೆ.

"ತಾಯಿ, ನಿನ್ನ ಮಗನಿಗೆ ನೀರು ಕಂಡ್ರೆ ಹೇಗಾಗ್ತಿತ್ತು?"

ಅವಳು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು. "ಬೆಕ್ಕಿನ ಹಾಗೆ. ಮೈಗೆ ನೀರು ಬಿದ್ರೆ ಸುಟ್ಟ ಹಾಗೆ ಕಿರುಚ್ತಿದ್ದ. ಯಾಕೆ ಕೇಳ್ತಿ?"

ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು. "ಥಾಣೆಗೆ ಕರ್ಕೊಂಡು ಹೋಗು. ಅಲ್ಲಿ ಡಾಕ್ಟರೀಣ್ ಒಬ್ಳಿದ್ದಾಳೆ, ಈ ಹುಡುಗರನ್ನೇ ನೋಡುವವಳು. ನಾನು ಹೋದಾಗ ಹೊತ್ತು ಮೀರಿತ್ತು. ನೀನು ಹೋಗು. ನಾಳೆ ಅನ್ಬೇಡ," ಎಂದಳು.

ಮನೆಗೆ ಬಂದು ದೇವರ ಪಟದ ಹಿಂದೆ ನೋಡಿದೆ. ಪಟದ ಸುತ್ತ ಅಂಟಿಸಬೇಕು ಎಂದು ಅವನು ಮಿಠಾಯಿ ಡಬ್ಬಿಗಳ ಬೆಳ್ಳಿ ಕಾಗದ ಕೇಳಿ ಇಟ್ಟುಕೊಂಡಿದ್ದ. ಕಾಗದ ಅಲ್ಲೇ ಇತ್ತು. ಒಂದೊಂದರ ಮೇಲೂ ಬಸವನಹುಳು ಹರಿದ ಹಾಗೆ ಕರಿ ಗೆರೆ, ಪುಡಿ ಇಟ್ಟು ಕೆಳಗಿಂದ ಬೆಂಕಿ ಹಿಡಿದು ಹೊಗೆ ಎಳೆದ ಗುರುತು. ಮನೆಯಲ್ಲಿ ದಿನಾ ಕರ್ಪೂರ, ಊದುಬತ್ತಿ. ಅದರ ಹೊಗೆಯ ವಾಸನೆ ಯಾರ ಮೂಗಿಗೆ ಬರಬೇಕು?

ರಾತ್ರಿ ಊಟದ ಹೊತ್ತಿಗೆ ಸದಾನಂದನ ಎದುರು ಆ ಕಾಗದ ಇಟ್ಟೆ.

"ಮಾಲೆ ಹಾಕಿದವರ ಬಗ್ಗೆ ಹಾಗೆಲ್ಲ ಮಾತಾಡ್ಬಾರ್ದು ಅಮ್ಮ," ಎಂದ. ಅನ್ನ ಕಲಸುವುದು ನಿಲ್ಲಿಸಿದ್ದ. "ಆರತಿ ಮಾಡುವಾಗ ಹೊಗೆ ಹಿಡಿದಿರ್ಬೇಕು."

"ಆರತಿಯ ಹೊಗೆ ಗೆರೆ ಎಳೀತದಾ?"

"ಭಾನುವಾರ ಇರುಮುಡಿ ಕಟ್ಟು ತುಂಬಿಸುದು. ಅದೇ ದಿನ ರೈಲು. ಎಲ್ಲರಿಗೂ ಹೇಳಿ ಆಗಿದೆ. ಮಲೆ ಹತ್ತಿ ಬರ್ಲಿ, ಅಯ್ಯಪ್ಪ ನೋಡ್ಕೊಳ್ತಾನೆ."

"ಹತ್ತಿ ಬಂದ್ರೆ ತಾನೇ? ನಾಳೆಯೇ ಥಾಣೆಯ ಆಸ್ಪತ್ರೆಗೆ ತೋರಿಸುವ."

"ಥಾಣೆಯ ಆಸ್ಪತ್ರೆಗೆ ಹಾಕಿದ್ರೆ ನಾಳೆ ಎಲ್ಲರೂ ಎಂತ ಹೇಳ್ತಾರೆ ಗೊತ್ತುಂಟಲ್ಲ? ಸದಾನಂದನ ಮಗನಿಗೆ ಹುಚ್ಚು ಅಂತ. ನಾನು ಗಲ್ಲೆಯಲ್ಲಿ ಹೇಗೆ ಕೂರ್ಲಿ?"

ಆಗ ನಮ್ಮವರ ಬಾಯಲ್ಲಿ ಥಾಣೆಗೆ ಕಳಿಸುವುದು ಎಂದರೆ ಒಂದೇ ಅರ್ಥ, ಹುಚ್ಚಾಸ್ಪತ್ರೆ. ಅವನು ಎದ್ದು ಕೈ ತೊಳೆದುಕೊಂಡ. ಮೂಲೆಯಲ್ಲಿ ಸ್ವಾಮಿ ಚಾಪೆಯ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದ. ಎಲ್ಲ ಕೇಳಿಸಿಕೊಂಡ ಎಂದು ಅವನ ಬೆನ್ನು ನೋಡಿಯೇ ಗೊತ್ತಾಯಿತು.

ಮರುದಿನ ಶುಕ್ರವಾರ. ಮಗ ಕೆಲಸಕ್ಕೆ ಹೋದ ಮೇಲೆ ನಾನು ಮೋರಿಯ ಬಾಯಲ್ಲಿ ಮಣೆ ಹಾಕಿ ಕೂತೆ. ಪರದೆ ಕಿತ್ತು ಬದಿಗೆ ಹಾಕಿದೆ.

"ಬಾ. ನನ್ನ ಎದುರು ಸ್ನಾನ ಮಾಡು."

"ಹೋ ಗಯಾ ಅಜ್ಜಿ. ಆಯ್ತು ಸ್ನಾನ."

"ಬೆನ್ನು ತೋರ್ಸು."

ಅವನು ತೋರಿಸಲಿಲ್ಲ. ಬಾಗಿಲ ಕಡೆ ಹೊರಟ. ನಾನು ಚೊಂಬು ತುಂಬಿ ಅವನ ಭುಜದ ಮೇಲೆ ಎರಚಿದೆ. ಅವನು ಹಾಕಿದ ಕೂಗಿಗೆ ಚಾಳಿನ ಬಾಗಿಲುಗಳೆಲ್ಲ ತೆರೆದವು. ಕಮಲತಾಯಿ ಕೆಳಗಿಂದ ಮೆಟ್ಟಿಲು ಹತ್ತಿ ಬಂದು ನಮ್ಮ ಬಾಗಿಲು ಹೊರಗಿನಿಂದ ಎಳೆದುಕೊಂಡು ನಿಂತಳು, ಯಾರನ್ನೂ ಬಿಡಲಿಲ್ಲ. ಒಳಗೆ ಹುಡುಗ ಗೋಡೆಗೆ ಒರಗಿ ಗಡಗಡ ನಡುಗುತ್ತಿದ್ದ. ಹಲ್ಲು ಕಟಕಟ. ನಾನು ಇನ್ನೊಂದು ಚೊಂಬು ತುಂಬಿದೆ. ಅವನು ನನ್ನ ಕೈ ಹಿಡಿದು ತಿರುಚಿದ. ಚೊಂಬು ಬಿತ್ತು. ತಾನು ತಿರುಚಿದ ನನ್ನ ಕೈ ನೋಡಿ ಅವನೇ ಹೆದರಿ ನೆಲಕ್ಕೆ ಕುಕ್ಕರಿಸಿದ.

"ಎಷ್ಟು ಕಾಲದಿಂದ?" ಎಂದು ಕೇಳಿದೆ.

"ಮಳೆಗಾಲದಿಂದ." ಈ ಸಲ ಕನ್ನಡದಲ್ಲೇ ಮಾತಾಡಿದ. "ಬಿಡ್ಬೇಕು ಅಂತಲೇ ಮಾಲೆ ಹಾಕಿದ್ದು ಅಜ್ಜಿ. ದೇವರಾಣೆ. ಮೊದಲ ದಿನವೇ ಆಗ್ಲಿಲ್ಲ. ಮೈಯೆಲ್ಲ ಮುರಿದು ಹಾಕಿದ ಹಾಗೆ. ಆಮೇಲೆ ದಿನಾ ಬೆಳಿಗ್ಗೆ ಪಪ್ಪ ಬಂದು ಕಾಲು ಮುಟ್ತಾರೆ. ಅವರು ಮುಟ್ಟಿ ಹೋದ ಕೂಡ್ಲೆ ನಂಗೆ ಇನ್ನೂ ಬೇಕಾಗ್ತದೆ."

"ಭಾನುವಾರ ರೈಲು ಹತ್ತಿ ಎಂತ ಮಾಡ್ತಿದ್ದಿ?"

"ಕಲ್ಯಾಣದಲ್ಲಿ ಇಳಿದು ಹೋಗ್ತಿದ್ದೆ."

"ಎಲ್ಲಿಗೆ?"

ಅವನು ಬಿದ್ದ ಚೊಂಬು ಎತ್ತಿ ನೆಟ್ಟಗೆ ಇಟ್ಟ. ಕಮಲತಾಯಿಯ ಮಗ ಎಲ್ಲಿಗೆ ಹೋಗಿದ್ದ ಎಂದು ನನಗೆ ಗೊತ್ತಿತ್ತು.

ಅದೇ ಮಧ್ಯಾಹ್ನ ಅವನನ್ನು ಥಾಣೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಸಣ್ಣ ವಯಸ್ಸಿನವಳು, ಹತ್ತಿ ಸೀರೆ, ನಿದ್ದೆ ಸಾಲದ ಮುಖ. ಅವನ ಮಾಲೆ ನೋಡಿ ನಗಲಿಲ್ಲ, ಕೈಯೂ ಮುಗಿಯಲಿಲ್ಲ. ಕಣ್ಣಿಗೆ ಬ್ಯಾಟರಿ ಬಿಟ್ಟಳು, ತೋಳು ನೋಡಿದಳು. ಸೂಜಿ ಇಲ್ಲ, ಬರೇ ಹೊಗೆ. ಅವನನ್ನೇ ಕೇಳಿದಳು, ನನ್ನನ್ನಲ್ಲ: "ಬಿಡಬೇಕು ಅಂತ ಇದೆಯಾ?" ಅವನು ಹೂಂ ಎಂದ. ಆಮೇಲೆ ನನ್ನ ಕಡೆ ತಿರುಗಿ ಹಿಂದಿಯಲ್ಲಿ ಹೇಳಿದಳು. ಇದು ಕಾಯಿಲೆ, ಹುಚ್ಚಲ್ಲ, ಕೊಬ್ಬೂ ಅಲ್ಲ. ಜ್ವರಕ್ಕೆ ಆಣೆ ಹಾಕಿಸಿದರೆ ಇಳಿಯುತ್ತದಾ? ಮೈನೋವು, ವಾಂತಿ ಎಲ್ಲ ಬರುತ್ತದೆ, ಔಷಧ ಕೊಟ್ಟು ದಾಟಿಸುತ್ತೇವೆ. ಅದು ಸುಲಭದ ಭಾಗ. ಮನೆಗೆ ಬಂದ ಮೇಲೆ ವರ್ಷಗಟ್ಟಲೆ ಕಾಯುವುದು ನಿಮ್ಮ ಕೆಲಸ. "ಹೆಚ್ಚಿನವರು ಎಲ್ಲ ಮುಗಿದ ಮೇಲೆ ತರ್ತಾರೆ. ನೀವು ಬೇಗ ತಂದ್ರಿ. ಹಾಸಿಗೆ ಇದೆ, ಈಗಲೇ ಸೇರಿಸಿ."

ವಾರ್ಡಿನ ಬಾಗಿಲಲ್ಲಿ ನರ್ಸು ತಡೆದಳು. ಒಳಗೆ ಬೆಲ್ಟು ಇಲ್ಲ, ದಾರ ಇಲ್ಲ, ಕೊರಳಲ್ಲಿ ಏನೂ ಇರಬಾರದು. ಆ ಸಂಕಟದಲ್ಲಿ ಹುಡುಗರು ಏನಾದರೂ ಮಾಡಿಕೊಳ್ಳುತ್ತಾರೆ. ಮಾಲೆ ತೆಗಿ ಎಂದಳು.

ದಿನೇಶ ಎರಡು ಕೈಯಲ್ಲೂ ಮಾಲೆ ಹಿಡಿದುಕೊಂಡ. "ನಾನು ತೆಗೆದ್ರೆ ಸಾಯ್ತೇನೆ. ಗುರುಸ್ವಾಮಿಯೇ ತೆಗೀಬೇಕು. ಅಜ್ಜಿ, ಮೊದಲೇ ಇಷ್ಟು ಪಾಪ ಮಾಡಿದ್ದೇನೆ, ಇದೊಂದು ಬೇಡ."

ಹೇಳಿದೆ, ಬೈದೆ, ಕೈ ಬಿಡಿಸಲು ನೋಡಿದೆ. ಬೆರಳು ಬೆಳ್ಳಗಾಗುವಷ್ಟು ಬಿಗಿ ಹಿಡಿದಿದ್ದ. ವ್ರತದಲ್ಲಿ ಒಂದು ದಿನವೂ ನೆಟ್ಟಗೆ ಸ್ನಾನ ಮಾಡದವನಿಗೆ ಮಾಲೆಯ ಮೇಲೆ ಅಂಥ ಭಯ! ಡಾಕ್ಟರಮ್ಮ ಬಂದು ನೋಡಿದಳು. ಎಳೆದಾಡಬೇಡಿ ಎಂದಳು. "ಅವನ ನಂಬಿಕೆಯನ್ನು ಮುರಿದು ಒಳಗೆ ತಂದ್ರೆ ನಾಳೆ ಕಿಟಕಿ ಹಾರ್ತಾನೆ. ಯಾರು ತೆಗೀಬೇಕೋ ಅವರಿಂದ ತೆಗೆಸಿ. ನಾಳೆ ಬೆಳಿಗ್ಗೆಯ ತನಕ ಹಾಸಿಗೆ ಇಡ್ತೇನೆ. ಆಮೇಲೆ ಬೇರೆಯವರಿಗೆ ಕೊಡ್ಬೇಕು." ಒಂದು ರಾತ್ರಿಗೆ ಆಗುವ ಗುಳಿಗೆ ಕೊಟ್ಟು, ಹೇಗೆ ಕೊಡಬೇಕೆಂದು ಹೇಳಿ ಕಳಿಸಿದಳು.

ವಾಪಸು ಬರುವ ಲೋಕಲ್ಲಿನಲ್ಲಿ ಒಬ್ಬ ಹೆಂಗಸು ಮಗುವನ್ನು ಎತ್ತಿ ತಂದು ಅವನ ಕಾಲಿಗೆ ಮುಟ್ಟಿಸಿದಳು. ಅವನು ಕಾಲು ಸೀಟಿನ ಕೆಳಗೆ ಎಳೆದುಕೊಂಡ. ನಾನು ಕಿಟಕಿಯ ಹೊರಗೆ ಮುಂಬ್ರಾದ ಗುಡ್ಡ ನೋಡುತ್ತಾ ಯೋಚಿಸಿದೆ. ಭಾಸ್ಕರ ತೆಗೆಯಬೇಕು. ಸದಾನಂದ ಬಿಡಬೇಕು. ಹುಡುಗ ಹೆದರಬಾರದು. ಜನ ಕೇಳಬಾರದು. ಈ ನಾಲ್ಕೂ ಒಟ್ಟಿಗೆ ಆಗುವ ದಾರಿ ಒಂದೇ ಇತ್ತು, ಅದನ್ನು ನಾನು ಆ ಮೊದಲ ವಾರದಲ್ಲಿ ನೋಡಿದ್ದೆ. ಅದಕ್ಕೆ ಒಬ್ಬರು ಸಾಯಬೇಕು.

ಸಂಜೆ ಭಾಸ್ಕರನ ಸೋಡಾ ಅಂಗಡಿಯ ಹಿಂದಿನ ಚಪ್ಪರದಲ್ಲಿ ಪೂಜೆ. ಭಾನುವಾರ ಹೊರಡುವವರೆಲ್ಲ ಇದ್ದರು. ಸದಾನಂದನೂ ಆ ದಿನ ಬೇಗ ಬಂದಿದ್ದ. ನಾನು ಹೆಂಗಸರ ಸಾಲು ದಾಟಿ ಮುಂದೆ ಹೋದೆ.

"ಭಾಸ್ಕರ ಸ್ವಾಮಿ, ನಮಗೆ ಸೂತಕ ಬಂದಿದೆ. ನಮ್ಮವರು ತೀರಿಕೊಂಡ್ರು. ದಿನೇಶನ ಮಾಲೆ ಇಳಿಸ್ಬೇಕು."

ತಾಳ ನಿಂತಿತು. ಸದಾನಂದ ಜನರ ನಡುವಿಂದ ಎದ್ದ. "ಯಾರು? ಅಪ್ಪನಾ? ಯಾರು ಹೇಳಿದ್ದು ಅಮ್ಮ?"

"ನಾನು ಹೇಳ್ತಾ ಇದ್ದೇನಲ್ಲ."

"ಎಲ್ಲಿ? ಯಾವಾಗ?"

"ಸತ್ತದ್ದು ಸತ್ತದ್ದೇ. ಎಲ್ಲಿ ಅಂತ ಕೇಳಿದ್ರೆ ಎದ್ದು ಬರ್ತಾನಾ?"

ಭಾಸ್ಕರ ನನ್ನನ್ನು ನೋಡಿದ. ಆಮೇಲೆ ದಿನೇಶನನ್ನು ನೋಡಿದ, ಬಹಳ ಹೊತ್ತು. ಹುಡುಗ ಬೆವರುತ್ತಿದ್ದ, ಮೂಗು ಸುರಿಯುತ್ತಿತ್ತು, ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಗಟಾರದಿಂದ ಎದ್ದು ಬಂದ ಮನುಷ್ಯನಿಗೆ ಅದೇನೆಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಆದರೆ ಅವನು ಗುರುಸ್ವಾಮಿ. ಸುಳ್ಳು ಸೂತಕಕ್ಕೆ ಮಾಲೆ ತೆಗೆದರೆ ಅವನ ತಲೆಗೇ ಬರುತ್ತದೆ.

"ಗಿರಿಜಕ್ಕ," ಎಂದ ಮೆಲ್ಲಗೆ. "ನಿಮ್ಮ ಕೊರಳಲ್ಲಿ ಕರಿಮಣಿ ಉಂಟಲ್ಲ."

ನಾನು ಅದನ್ನು ಮರೆತೇಬಿಟ್ಟಿದ್ದೆ. ಅಲ್ಲೇ ಕೈ ಹಿಂದೆ ಹಾಕಿ ಕೊಂಡಿ ಬಿಚ್ಚಲು ನೋಡಿದೆ. ತುಕ್ಕು ಹಿಡಿದ ಕೊಂಡಿ, ಬೇಗ ಬರಲಿಲ್ಲ. ಎಳೆದೆ. ಮಣಿಗಳು ನೆಲಕ್ಕೆ ಚೆಲ್ಲಿದವು. ಸೆರಗಿನಿಂದ ಹಣೆ ಒರೆಸಿಕೊಂಡೆ. ಹಿಂದೆ ಯಾರೋ ಹೆಂಗಸು ಅಯ್ಯೋ ಎಂದಳು.

"ಈಗ ತೆಗಿ," ಎಂದೆ.

ಭಾಸ್ಕರ ಮತ್ತೇನೂ ಕೇಳಲಿಲ್ಲ. ಕಾಯಿ ಒಡೆದ. ದಿನೇಶನ ತಲೆಯ ಮೇಲೆ ಕೈಯಿಟ್ಟು ಶರಣು ಹೇಳಿದ. ಮಾಲೆ ಕೊರಳು ದಾಟಿ ಬರುವಾಗ ಹುಡುಗ ಕಣ್ಣು ಗಟ್ಟಿ ಮುಚ್ಚಿಕೊಂಡಿದ್ದ. ತೆಗೆದಾದ ಮೇಲೂ ಸ್ವಲ್ಪ ಹೊತ್ತು ತೆರೆಯಲಿಲ್ಲ. ಏನೂ ಆಗಲಿಲ್ಲ. ಭಾಸ್ಕರ ಅವನ ಕಿವಿಯ ಹತ್ತಿರ ಹೇಳಿದ್ದು ನನಗೂ ಕೇಳಿಸಿತು: "ಅಜ್ಜಿ ಎಲ್ಲಿಗೆ ಹೇಳ್ತಾರೋ ಅಲ್ಲಿಗೆ ಹೋಗು ಮಾರಾಯ. ಮಲೆ ಎಲ್ಲಿಗೂ ಓಡಿ ಹೋಗುದಿಲ್ಲ."

ಸದಾನಂದ ಅಪ್ಪನ ಕ್ರಿಯೆ ಎಲ್ಲ ಕ್ರಮಪ್ರಕಾರ ಮಾಡಿದ. ತಲೆ ಬೋಳಿಸಿಕೊಂಡ. ಹೋಟೆಲಿನವರು ಬಂದು ಉಂಡು ಹೋದರು. ನನ್ನ ಗಂಡ ಎಲ್ಲಿಯಾದರೂ ಬದುಕಿದ್ದರೆ, ತನ್ನ ಬೊಜ್ಜ, ಆ ಉತ್ತರಕ್ರಿಯೆ, ಅಷ್ಟು ಚೆನ್ನಾಗಿ ಆದದ್ದು ಅವನಿಗೆ ಗೊತ್ತಾಗಲೇ ಇಲ್ಲ. ಸುಳ್ಳು ಹೇಳಿದೆನೋ ನಿಜ ಹೇಳಿದೆನೋ ಇವತ್ತಿಗೂ ಹೇಳಲಾರೆ. ಸದಾನಂದನಿಗೆ ಆ ಸಂಜೆಯೇ ಗೊತ್ತಾಗಿತ್ತು ಎಂದು ನನ್ನ ಅಂದಾಜು. ಬಹಳ ದಿನ ನನ್ನ ಹತ್ತಿರ ಮಾತಾಡಲಿಲ್ಲ. ಆದರೆ ಮಗನನ್ನು ನೋಡಲು ಒಮ್ಮೆ ವಾರ್ಡಿಗೆ ಹೋದವ, ಮತ್ತೆ ಹೋಗುವುದು ತಪ್ಪಿಸಲಿಲ್ಲ. ಜಲಜ ವಾಶಿಯಿಂದ ಓಡಿ ಬಂದು, ಮುಟ್ಟಬೇಕೆನಿಸಿದಷ್ಟು ಮಗನ ತಲೆ ಮುಟ್ಟಿದಳು.

ಒಂದೇ ಸಲಕ್ಕೆ ಆಗಲಿಲ್ಲ. ಮುಂದಿನ ಮಳೆಗಾಲದಲ್ಲಿ ಒಮ್ಮೆ ಜಾರಿದ. ಸ್ನಾನ ಆಯ್ತು ಎಂದವನ ಒಣ ಬೆನ್ನು ನೋಡಿ ಹಿಡಿದೆ. ಡಾಕ್ಟರಮ್ಮ ಬೈಯಲಿಲ್ಲ, ಬೇಗ ಬಂದಿರಿ ಎಂದು ಮತ್ತೆ ಹೇಳಿದಳು. ಆಮೇಲೆ ವರ್ಷಗಟ್ಟಲೆ ನಮ್ಮ ಮನೆಯಲ್ಲಿ ಯಾರೂ ಅವನ ಕಾಲಿಗೆ ಬೀಳಲಿಲ್ಲ, ಯಾರೂ ಅವನನ್ನು ಗರ್ದುಲ್ಲಾ ಎಂದು ಹಂಗಿಸಲೂ ಇಲ್ಲ. ಎಲ್ಲಿಗೆ ಹೋಗಿದ್ದೆ ಎಂದು ದಿನಾ ಕೇಳಿದೆವು. ಅವನು ದಿನಾ ಉತ್ತರ ಕೊಟ್ಟ.

ಮಾಲೆ ಇಳಿಸಿದ ಮರುದಿನ ಬೆಳಿಗ್ಗೆ ನಾನು ನಲ್ಲಿಯ ನೀರು ಬರುವ ಮೊದಲೇ ಎದ್ದೆ. ಸ್ಟವ್ ಪಂಪು ಹೊಡೆದು ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿದೆ. ವ್ರತ ಇಲ್ಲ, ತಣ್ಣೀರು ಬೇಕಾಗಿಲ್ಲ. ಅವನನ್ನು ಮೋರಿಯಲ್ಲಿ ಕೂರಿಸಿ ಬಿಸಿನೀರು ಹೊಯ್ದೆ. ಅವನು ನಡುಗುತ್ತಲೇ ಕೂತಿದ್ದ, ಆದರೆ ಎದ್ದು ಓಡಲಿಲ್ಲ. ಬೆನ್ನಿನ ಗಂಧ ತೆಂಗಿನ ನಾರಿನಲ್ಲಿ ತಿಕ್ಕಿ ತೆಗೆದೆ. ಆಮೇಲೆ ನಾನು ತಲೆ ಬಾಚಿ, ಅಭ್ಯಾಸಕ್ಕೆ ಕುಂಕುಮದ ಡಬ್ಬಿ ತೆರೆದೆ, ಮುಚ್ಚಿದೆ. ಸದಾನಂದ ಅಪ್ಪನ ಕ್ರಿಯೆಯ ಏರ್ಪಾಡಿಗೆ ಆಗಲೇ ಹೊರಟುಹೋಗಿದ್ದ. ಬಾಗಿಲಿಗೆ ಬೀಗ ಹಾಕಿದೆ. ಅವನ ಅಂಗಿಯ ತೋಳು ಮುಷ್ಟಿಯಲ್ಲಿ ಹಿಡಿದುಕೊಂಡು ಮೆಟ್ಟಿಲು ಇಳಿದೆ. ಥಾಣೆ ಬರುವ ತನಕ ಬಿಡಲಿಲ್ಲ.